ಕಂತಿನಲ್ಲಿ ಮಾರುವ ಆಟ: ಗಳಿಕೆ ಯಾರಿಗೆ, ನಷ್ಟ ಯಾರಿಗೆ?

‘ಮುಂದಿನ ಸಂಚಿಕೆಯಲ್ಲಿ’ ಎಂಬ ಎರಡು ಮಾತುಗಳಿಗಿರುವ ಶಕ್ತಿಯನ್ನು ವಾರಪತ್ರಿಕೆ ಓದಿ ಬೆಳೆದ ಕನ್ನಡ ಮನೆಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಧಾರಾವಾಹಿಯ ನಾಯಕಿಯನ್ನು ಬಾವಿಕಟ್ಟೆಯ ಬಳಿ ನಿಲ್ಲಿಸಿ ಲೇಖಕರು ಆ ವಾರದ ಕಂತನ್ನು ಮುಗಿಸಿದರೆಂದರೆ ಮತ್ತೆ ಏಳು ದಿನ ಮನೆಮಂದಿಗೆಲ್ಲ ಅದೇ ಚರ್ಚೆ. ಪತ್ರಿಕೆ ಬರುವುದು ಒಂದು ದಿನ ತಡವಾದರೆ ಅಂಚೆಯವನ ಮೇಲೆ ಸಿಟ್ಟು. ಈ ಕುತೂಹಲವನ್ನೇ ಬಂಡವಾಳವಾಗಿ ಹೂಡುವ ವ್ಯಾಪಾರ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್ 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯನ್ನು ತಿಂಗಳಿಗೊಂದು ಭಾಗದಂತೆ, ಭಾಗವೊಂದಕ್ಕೆ ಒಂದು ಶಿಲಿಂಗ್ ಬೆಲೆಗೆ ಮಾರತೊಡಗಿದಾಗ ಮೊದಮೊದಲು ಗಿರಾಕಿಗಳಿದ್ದುದು ನೂರರ ಲೆಕ್ಕದಲ್ಲಿ. 1837ರಲ್ಲಿ ಕತೆ ಮುಗಿಯುವ ವೇಳೆಗೆ ಅವರ ಸಂಖ್ಯೆ ಸುಮಾರು 40,000ಕ್ಕೆ ಏರಿತ್ತು.

ಕಾದಂಬರಿಗೆ ಸಂದ ಈ ಅದೃಷ್ಟ ವೀಡಿಯೋ ಆಟಗಳಿಗೂ ಏಕೆ ಸಲ್ಲಬಾರದು? ಇಡೀ ಆಟವನ್ನು ಒಮ್ಮೆಲೇ ಸಿದ್ಧಪಡಿಸಿ ದುಬಾರಿ ಬೆಲೆಗೆ ಮಾರುವ ಬದಲು, ಅದನ್ನು ಐದಾರು ಕಂತುಗಳಾಗಿ ಒಡೆದು, ಒಂದೊಂದನ್ನೂ ಅಗ್ಗಕ್ಕೆ ಮಾರಬಾರದೇಕೆ? ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಆಟ ತಯಾರಕರು ಈ ಪ್ರಶ್ನೆಯನ್ನು ಬಹಳ ಉತ್ಸಾಹದಿಂದ ಕೇಳಿದರು. ಅದಕ್ಕೆ ದೊರೆತ ಉತ್ತರಗಳು ಮಾತ್ರ ಒಂದೇ ಬಗೆಯವಲ್ಲ. ಕೆಲವರು ಕೋಟಿಗಟ್ಟಲೆ ಗಳಿಸಿದರು, ಕೆಲವರು ಮೊದಲ ಕಂತಿಗೇ ನಿಂತರು. ಗಳಿಸಿದವರಲ್ಲೇ ಒಬ್ಬರು ಬಾಗಿಲು ಹಾಕಿದಾಗ ನೂರಾರು ಕುಟುಂಬಗಳ ದುಡಿಮೆ ಒಂದೇ ದಿನದಲ್ಲಿ ಹೋಯಿತು.

ವೀಡಿಯೋ ಆಟವೆಂದರೆ ಮಕ್ಕಳ ಕಾಲಹರಣ, ಅದರ ವ್ಯಾಪಾರದ ಉಸಾಬರಿ ನಮಗೇಕೆ ಎಂದು ಹಿರಿಯರು ಕೇಳಬಹುದು. ಆದರೆ ಎಂಜಿನಿಯರಿಂಗ್, ಚಿತ್ರಕಲೆ, ಸಂಗೀತ ಕಲಿತ ತರುಣರಿಗೆ ಅನ್ನ ಕೊಡುವ ಉದ್ಯೋಗಗಳಲ್ಲಿ ಇದೂ ಒಂದಾಗಿದೆ. ಅಲ್ಲದೆ ಕಂತಿನ ಲೆಕ್ಕ ಈಗ ದೂರದ ಅಮೆರಿಕದಲ್ಲಷ್ಟೇ ಉಳಿದಿಲ್ಲ. ನಮ್ಮ ಮನೆಯ ಮಕ್ಕಳ ಕೈಯಲ್ಲಿರುವ ಮೊಬೈಲಿನೊಳಕ್ಕೂ ಬಂದು ಕುಳಿತಿದೆ. ಆದುದರಿಂದ ಇದರ ಒಳಹೊರಗನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮೊದಲು ರುಚಿ, ಬಳಿಕ ಬೆಲೆ

ಆಟವನ್ನು ಭಾಗ ಮಾಡಿ ಮಾರುವ ಉಪಾಯವನ್ನು ಮೊದಲು ಜನಪ್ರಿಯಗೊಳಿಸಿದವರು ಅಮೆರಿಕದ ಟೆಕ್ಸಾಸ್ ರಾಜ್ಯದ ಅಪೋಜಿ ಎಂಬ ಸಂಸ್ಥೆಯವರು. ಅದರ ಸ್ಥಾಪಕ ಸ್ಕಾಟ್ ಮಿಲ್ಲರ್ 1987ರಿಂದಲೇ ಒಂದು ಕ್ರಮ ಹಿಡಿದಿದ್ದರು. ಆಟದ ಮೊದಲ ಭಾಗ ಎಲ್ಲರಿಗೂ ಉಚಿತ. ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಉಳಿದ ಭಾಗಗಳು ಬೇಕಾದವರು ಹಣ ಕಳಿಸಿ ಅಂಚೆಯ ಮೂಲಕ ತರಿಸಿಕೊಳ್ಳಬೇಕು. 1990ರ ಡಿಸೆಂಬರಿನಲ್ಲಿ ಬಂದ ‘ಕಮಾಂಡರ್ ಕೀನ್’ ಈ ಕ್ರಮದಲ್ಲಿ ಎಷ್ಟು ಚೆನ್ನಾಗಿ ಮಾರಾಟವಾಯಿತೆಂದರೆ, ಬೇರೊಂದು ಕಂಪೆನಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಅದರ ರಚನಕಾರರು ನೌಕರಿ ಬಿಟ್ಟು 1991ರಲ್ಲಿ ‘ಇಡ್ ಸಾಫ್ಟ್‌ವೇರ್’ ಎಂಬ ಸ್ವಂತ ಸಂಸ್ಥೆಯನ್ನೇ ಕಟ್ಟಿದರು. ಅವರ ‘ವುಲ್ಫೆನ್‌ಸ್ಟೈನ್ 3ಡಿ’ 1992ರಲ್ಲಿಯೂ ‘ಡೂಮ್’ 1993ರಲ್ಲಿಯೂ ಇದೇ ರೀತಿ ಜನರ ಕೈಸೇರಿದವು.

ಹಲಸಿನ ಹಣ್ಣಿನ ಒಂದು ಸೊಳೆ ತಿನ್ನಲು ಕೊಟ್ಟು ಇಡೀ ಹಣ್ಣನ್ನು ಮಾರುವ ಸಂತೆಯ ಜಾಣತನವೇ ಇದು. ಆದರೆ ಇಲ್ಲಿ ಒಂದು ಅಂಶ ಗಮನಾರ್ಹ. ಉಚಿತ ಭಾಗ ಹೊರಬರುವಾಗ ಸಾಮಾನ್ಯವಾಗಿ ಉಳಿದ ಭಾಗಗಳೂ ಸಿದ್ಧವಾಗಿಯೋ ಸಿದ್ಧತೆಯ ಕೊನೆಯ ಹಂತದಲ್ಲಿಯೋ ಇರುತ್ತಿದ್ದವು. ಗಿರಾಕಿ ಹೆಚ್ಚಾಗಿ ಕಾಯಬೇಕಾದದ್ದು ಅಂಚೆಗಾಗಿ, ತಯಾರಕರ ಕೆಲಸ ಮುಗಿಯಲೆಂದು ಅಲ್ಲ. ಹಣ್ಣು ಕೈಯಲ್ಲಿತ್ತು, ಮಾರಿದ ಮೇಲೆ ಮರ ನೆಡುವ ಪ್ರಶ್ನೆಯಿರಲಿಲ್ಲ. ಮುಂದೆ ಬಂದವರಲ್ಲಿ ಹಲವರು ಮರೆತದ್ದು ಇದನ್ನೇ.

ಮೂರನೆಯ ಕಂತು ಬರಲೇ ಇಲ್ಲ

2006ನೇ ಇಸವಿ ಈ ವ್ಯಾಪಾರದ ಇತಿಹಾಸದಲ್ಲಿ ಒಂದು ತಿರುವು. ಅಂತರ್ಜಾಲದ ಮೂಲಕ ಆಟಗಳನ್ನು ನೇರವಾಗಿ ಮನೆಗೆ ತಲಪಿಸುವುದು ಆಗ ಸಾಧ್ಯವಾಗಿತ್ತು. ಪೆಟ್ಟಿಗೆ, ತಟ್ಟೆ, ಅಂಗಡಿ, ಸಾಗಣೆ ಇವುಗಳ ಖರ್ಚಿಲ್ಲದ ಮೇಲೆ ಸಣ್ಣ ಬೆಲೆಯ ಸಣ್ಣ ಆಟವನ್ನೂ ಮಾರಬಹುದಲ್ಲ! ವಾಲ್ವ್ ಕಂಪೆನಿ 2004ರ ತನ್ನ ಪ್ರಸಿದ್ಧ ಆಟವಾದ ‘ಹಾಫ್ ಲೈಫ್ 2’ರ ಕತೆಯನ್ನು ಕಂತುಗಳಲ್ಲಿ ಮುಂದುವರಿಸುವುದಾಗಿ ಸಾರಿತು. ಒಂದು ದೊಡ್ಡ ಆಟಕ್ಕೆ ಐದಾರು ವರ್ಷ ಹಿಡಿಯುತ್ತದೆ, ಅಷ್ಟು ಕಾಲ ಜನರನ್ನು ಕಾಯಿಸುವುದಕ್ಕಿಂತ ಚಿಕ್ಕ ಚಿಕ್ಕ ಭಾಗಗಳನ್ನು ಬೇಗಬೇಗನೆ ಕೊಡೋಣ ಎಂಬುದು ಅವರ ತರ್ಕ. ಮೊದಲ ಕಂತು 2006ರ ಜೂನ್ ತಿಂಗಳಲ್ಲಿ ಸುಮಾರು 20 ಡಾಲರಿಗೆ ಬಂತು. ಎರಡನೆಯದು ಬರಲು ಹದಿನಾರು ತಿಂಗಳು ಬೇಕಾಯಿತು. 2007ರ ಅಕ್ಟೋಬರಿನಲ್ಲಿ ಅದು ಬಂದಾಗ ಕತೆ ಅತ್ಯಂತ ಕುತೂಹಲದ ಘಟ್ಟದಲ್ಲಿ ನಿಂತಿತು.

ಮೂರನೆಯ ಕಂತು ಈವರೆಗೂ ಬಂದಿಲ್ಲ. 2020ರಲ್ಲಿ ಅದೇ ಲೋಕದ ‘ಹಾಫ್ ಲೈಫ್: ಅಲಿಕ್ಸ್’ ಎಂಬ ಬೇರೊಂದು ಆಟ ಬಂತೇ ಹೊರತು ಬಾಕಿ ಕಂತಲ್ಲ. ಕತೆಗಾರ ಮಾರ್ಕ್ ಲೇಡ್‌ಲಾ ಕಂಪೆನಿ ಬಿಟ್ಟ ಮೇಲೆ, 2017ರಲ್ಲಿ, ಹೆಸರುಗಳನ್ನು ಬದಲಿಸಿ ಬರೆದ ಒಂದು ಪತ್ರದ ರೂಪದಲ್ಲಿ ಕತೆಯ ಶೇಷಭಾಗದ ಸಾರಾಂಶವನ್ನು ಪ್ರಕಟಿಸಿದರು. ಹಣ ಕೊಟ್ಟು ಎರಡು ಕಂತು ಕೊಂಡವರು ಹತ್ತು ವರ್ಷ ಕಾದು ಕೊನೆಗೆ ಕತೆಯನ್ನು ಓದಿ ತೃಪ್ತಿಪಡಬೇಕಾಯಿತು.

ವಾಲ್ವ್ ಸಿರಿವಂತ ಕಂಪೆನಿ. ಸ್ವಂತ ಆಟ ನಿಂತರೂ ಇತರರ ಆಟಗಳನ್ನು ಮಾರಿಕೊಡುವ ‘ಸ್ಟೀಮ್’ ಎಂಬ ಅಂಗಡಿ ಅದರ ಕೈಯಲ್ಲಿತ್ತು. ಬಡವರ ಪಾಡು ಹಾಗಲ್ಲ. ಅದೇ 2006ರ ಮೇ ತಿಂಗಳಲ್ಲಿ ರಿಚುವಲ್ ಎಂಬ ಸಂಸ್ಥೆ ‘ಸಿನ್ ಎಪಿಸೋಡ್ಸ್’ ಆಟವನ್ನು ಒಂಬತ್ತು ಕಂತುಗಳಲ್ಲಿ ಕೊಡುವ ಯೋಜನೆಯೊಂದಿಗೆ ಮೊದಲ ಕಂತನ್ನು ಹೊರತಂದಿತು. 2007ರ ಜನವರಿಯಲ್ಲಿ ಸಂಸ್ಥೆಯೇ ಬೇರೊಬ್ಬರ ಪಾಲಾಯಿತು. ಒಂಬತ್ತರಲ್ಲಿ ಹೊರಬಂದದ್ದು ಒಂದೇ.

ಏರಿದ ವೇಗ, ಇಳಿದ ವೇಗ

ಕಂತಿನ ಆಟಕ್ಕೆ ನಿಜವಾದ ಕೀರ್ತಿ ತಂದದ್ದು ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಸಂಸ್ಥೆ. ಲೂಕಾಸ್‌ಆರ್ಟ್ಸ್ ಕಂಪೆನಿಯಿಂದ ಹೊರಬಂದ ಕೆಲವರು 2004ರಲ್ಲಿ ಇದನ್ನು ಕಟ್ಟಿದರು. ಇವರು ಆರಿಸಿಕೊಂಡದ್ದು ಕತೆಯೇ ಪ್ರಧಾನವಾದ ಆಟಗಳನ್ನು. 2006ರ ಅಕ್ಟೋಬರಿನಿಂದ 2007ರ ಏಪ್ರಿಲ್‌ವರೆಗೆ ‘ಸ್ಯಾಮ್ ಆಂಡ್ ಮ್ಯಾಕ್ಸ್’ ಆಟದ ಆರು ಕಂತುಗಳನ್ನು ಸುಮಾರು ತಿಂಗಳಿಗೊಂದರಂತೆ ಕೊಟ್ಟು, ಹೇಳಿದ ಸಮಯಕ್ಕೆ ಕಂತು ತಲಪಿಸುವುದು ಅಸಾಧ್ಯವೇನಲ್ಲ ಎಂದು ತೋರಿಸಿಕೊಟ್ಟರು.

ಆಮೇಲೆ 2012 ಬಂತು. ರಾಬರ್ಟ್ ಕರ್ಕ್‌ಮನ್ ಅವರ ಚಿತ್ರಕತೆಯನ್ನು ಆಧರಿಸಿದ ‘ದಿ ವಾಕಿಂಗ್ ಡೆಡ್’ ಆಟದ ಐದು ಕಂತುಗಳು ಆ ವರ್ಷದ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಂದವು. ಒಂದೊಂದರ ಬೆಲೆ ಸುಮಾರು 5 ಡಾಲರು. ಗುಂಡಿನ ಕಾಳಗಕ್ಕಿಂತ ಇದರಲ್ಲಿ ಮುಖ್ಯವಾದುದು ಸಂಕಟದ ಆಯ್ಕೆ. ಇಬ್ಬರಲ್ಲಿ ಯಾರನ್ನು ಉಳಿಸಬೇಕು, ಇರುವ ಆಹಾರವನ್ನು ಯಾರಿಗೆ ಕೊಡಬೇಕು ಎಂಬುದನ್ನು ಆಡುವವನೇ ನಿರ್ಧರಿಸಬೇಕು. ಒಂದು ಕಂತು ಮುಗಿದಾಗ ‘ನೀನು ಏನು ಮಾಡಿದೆ?’ ಎಂದು ಗೆಳೆಯರು ಪರಸ್ಪರ ಕೇಳಿಕೊಳ್ಳುವರು. ಮುಂದಿನ ಕಂತಿನವರೆಗಿನ ಆ ಮಾತುಕತೆಯೇ ಖರ್ಚಿಲ್ಲದ ಜಾಹೀರಾತಾಯಿತು. 2013ರ ಆರಂಭದ ಹೊತ್ತಿಗೆ 85 ಲಕ್ಷ ಕಂತುಗಳು ಮಾರಿಹೋಗಿ ಸುಮಾರು 4 ಕೋಟಿ ಡಾಲರ್ ವಹಿವಾಟಾಗಿತ್ತು.

ಯಶಸ್ಸು ಕಂಡ ಕೂಡಲೇ ಸಂಸ್ಥೆ ಅದೇ ಅಚ್ಚಿನಲ್ಲಿ ಒಂದರ ಮೇಲೊಂದು ಆಟ ಎರೆಯತೊಡಗಿತು. ‘ಗೇಮ್ ಆಫ್ ಥ್ರೋನ್ಸ್’, ‘ಮೈನ್‌ಕ್ರಾಫ್ಟ್’, ‘ಬ್ಯಾಟ್‌ಮನ್’ ಎಲ್ಲವೂ ಇತರರ ಹೆಸರುಗಳು. ಹೆಸರಿನ ಒಡೆಯರಿಗೆ ಪಾಲು ಸಲ್ಲಬೇಕು. ಏಕಕಾಲಕ್ಕೆ ಹಲವು ಆಟಗಳ ಕಂತುಗಳಿಗೆ ಗಡುವು ಇದ್ದುದರಿಂದ ಒಂದು ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ದುಡಿಯುವವರು ಬಳಲಿದರು, ಆಡುವವರಿಗೆ ಒಂದೇ ರುಚಿ ಸಾಕಾಯಿತು. 2017ರ ನವೆಂಬರಿನಲ್ಲಿ 90 ಮಂದಿ ಕೆಲಸ ಕಳಕೊಂಡರು. 2018ರ ಸೆಪ್ಟೆಂಬರ್ 21ರಂದು ಸುಮಾರು 250 ಮಂದಿಗೆ ಅಂದೇ ಕಡೆಯ ದಿನವೆಂದು ತಿಳಿಸಲಾಯಿತು. ಪರಿಹಾರಧನವೂ ಇರಲಿಲ್ಲ. ಉಳಿಸಿಕೊಂಡದ್ದು 25 ಮಂದಿಯನ್ನು ಮಾತ್ರ.

ಆಗ ‘ದಿ ವಾಕಿಂಗ್ ಡೆಡ್’ನ ಅಂತಿಮ ಸರಣಿ ನಡೆಯುತ್ತಿತ್ತು. ನಾಲ್ಕು ಕಂತುಗಳಿಗೂ ಜನ ಮುಂಗಡ ಹಣ ಕೊಟ್ಟಿದ್ದರು. ಬಂದದ್ದು ಒಂದು, ಬರಲು ಸಿದ್ಧವಿದ್ದದ್ದು ಇನ್ನೊಂದು. ಚಿಟ್ಟಿ ಹಾಕಿದವನಿಗೆ ಚಿಟ್ಟಿ ನಡೆಸುವವನು ಊರು ಬಿಟ್ಟ ಸುದ್ದಿ ಬಂದಂತಾಯಿತು. ಚಿತ್ರಕತೆಯ ಕರ್ತೃವಿನ ಸಂಸ್ಥೆಯಾದ ಸ್ಕೈಬೌಂಡ್ ಮುಂದೆ ಬಂದು, ಹಳೆಯ ಕೆಲಸಗಾರರಲ್ಲಿ ಕೆಲವರನ್ನು ಸೇರಿಸಿಕೊಂಡು 2019ರ ಮಾರ್ಚಿನಲ್ಲಿ ಸರಣಿಯನ್ನು ಮುಗಿಸಿಕೊಟ್ಟದ್ದರಿಂದ ಗಿರಾಕಿಗಳ ಹಣ ಉಳಿಯಿತು. ಎಲ್ಲ ಕಡೆ ಇಂತಹ ಪುಣ್ಯಾತ್ಮರು ಸಿಗುತ್ತಾರೆಂದು ಹೇಳಲಾಗದು.

ಲೆಕ್ಕ ತಪ್ಪುವುದೆಲ್ಲಿ?

ಒಂದು ಲೆಕ್ಕ ಹಾಕಿ ನೋಡೋಣ. ಇದು ತಿಳಿವಳಿಕೆಗಾಗಿ ಮಾಡಿಕೊಂಡ ಕಲ್ಪನೆಯೇ ಹೊರತು ಯಾವುದೇ ಕಂಪೆನಿಯದಲ್ಲ. ಐದು ಕಂತುಗಳ ಆಟ. ಕಂತೊಂದರ ತಯಾರಿಗೆ 20 ಲಕ್ಷ ರೂಪಾಯಿ ಖರ್ಚು. ಮಾರಾಟ ಬೆಲೆ 200 ರೂಪಾಯಿ ಎನ್ನೋಣ. ಸ್ಟೀಮ್‌ನಂತಹ ಅಂಗಡಿಗಳು ಸಾಮಾನ್ಯವಾಗಿ ನೂರಕ್ಕೆ 30ರಷ್ಟು ತಮ್ಮ ಪಾಲು ಹಿಡಿದುಕೊಳ್ಳುತ್ತವೆ. ಮೊದಲ ಕಂತನ್ನು 20,000 ಮಂದಿ ಕೊಂಡರೆ ಬರುವುದು 40 ಲಕ್ಷ. ಅಂಗಡಿಯ ಪಾಲು ಕಳೆದು 28 ಲಕ್ಷ. ನಿವ್ವಳ ಲಾಭ 8 ಲಕ್ಷ. ಎಲ್ಲರಿಗೂ ಸಂತೋಷ.

ಆದರೆ ಎರಡನೆಯ ಕಂತಿನ ಗಿರಾಕಿ ಎಲ್ಲಿಂದ ಬರಬೇಕು? ಮೊದಲನೆಯದನ್ನು ಆಡಿದವರಿಂದಲೇ. ಕತೆಯ ನಡುವಿನಿಂದ ಯಾರೂ ಆರಂಭಿಸುವುದಿಲ್ಲ. ಅವರಲ್ಲಿ ಕೆಲವರಿಗೆ ರುಚಿಸಲಿಲ್ಲ, ಕೆಲವರಿಗೆ ಮರೆತುಹೋಯಿತು, ಕೆಲವರು ಕೊಂಡದ್ದನ್ನೇ ಇನ್ನೂ ಮುಗಿಸಿಲ್ಲ. ಹೀಗೆ ಸಂಖ್ಯೆ 14,000, 10,000, 8,000, 7,000 ಎಂದು ಇಳಿಯುತ್ತ ಹೋದರೆ, ಎರಡನೆಯ ಕಂತಿನಲ್ಲಿ 40 ಸಾವಿರ ರೂಪಾಯಿ ನಷ್ಟ, ಮೂರನೆಯದರಲ್ಲಿ 6 ಲಕ್ಷ, ನಾಲ್ಕನೆಯದರಲ್ಲಿ 8 ಲಕ್ಷ 80 ಸಾವಿರ, ಐದನೆಯದರಲ್ಲಿ 10 ಲಕ್ಷ 20 ಸಾವಿರ. ಮೊದಲ ಲಾಭವನ್ನು ವಜಾ ಮಾಡಿದರೂ ಒಟ್ಟು ನಷ್ಟ 17 ಲಕ್ಷ 40 ಸಾವಿರ.

ಹಾಗಾದರೆ ಮೂರಕ್ಕೇ ನಿಲ್ಲಿಸಬಾರದೇ? ನಿಲ್ಲಿಸಿದರೆ ನಷ್ಟ ಕಡಿಮೆಯಾಗುವುದೇನೋ ನಿಜ. ಆದರೆ ಐದಕ್ಕೂ ಮುಂಗಡ ಕೊಟ್ಟವರಿಗೆ ಏನೆಂದು ಉತ್ತರಿಸುವುದು? ಇನ್ನು ಮುಂದೆ ಆ ಕಂಪೆನಿಯ ಮೊದಲ ಕಂತನ್ನು ಕೊಳ್ಳುವವರಾರು? ಕತೆ ಪೂರ್ತಿಯಾಗದ ಆಟವನ್ನು ಅಗ್ಗಕ್ಕೆ ಕೊಟ್ಟರೂ ಕೊಳ್ಳುವವರಿಲ್ಲ. ಎಲ್ಲ ಕಂತುಗಳೂ ಬಂದ ಬಳಿಕ ಒಂದೇ ಗಂಟಾಗಿ ಮಾರುವುದರಿಂದ ಬರುವ ಆದಾಯವೇ ಈ ವ್ಯಾಪಾರವನ್ನು ಎಷ್ಟೋ ಬಾರಿ ಉಳಿಸುವುದು. ಆ ಆದಾಯ ಬೇಕಾದರೆ ನಷ್ಟದ ಕಂತುಗಳನ್ನೂ ಮುಗಿಸಲೇಬೇಕು. ಅಷ್ಟರವರೆಗೆ ಸಂಬಳಕ್ಕೆ ಹಣವಿರಬೇಕು.

ಧಾರಾವಾಹಿಗೂ ಆಟಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗುತ್ತದೆ. ವಾರಪತ್ರಿಕೆಯ ಧಾರಾವಾಹಿ ಬೇಡವಾದವನು ರಾಶಿಭವಿಷ್ಯಕ್ಕಾಗಿಯೋ ಪದಬಂಧಕ್ಕಾಗಿಯೋ ಪತ್ರಿಕೆ ಕೊಳ್ಳುತ್ತಾನೆ. ಟೆಲಿವಿಷನ್ ಧಾರಾವಾಹಿಗೆ ಹಣ ಕೊಡುವವನು ನೋಡುವವನಲ್ಲ, ಜಾಹೀರಾತುದಾರ. ಡಿಕನ್ಸ್ ಒಂದು ಮೇಜಿನ ಮುಂದೆ ಕುಳಿತು ಒಬ್ಬರೇ ಬರೆದರು. ಆಟದ ಕಂತಿಗಾದರೋ ಬರೆಯುವವರು, ಚಿತ್ರಿಸುವವರು, ದನಿ ಕೊಡುವವರು, ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಅದನ್ನು ಹೆಣೆಯುವವರು, ತಪ್ಪು ಹುಡುಕುವವರು ಎಲ್ಲರೂ ಬೇಕು. ಕಂತು ಮಾರಲಿ ಬಿಡಲಿ, ತಿಂಗಳ ಕೊನೆಗೆ ಅವರ ಸಂಬಳ ನಿಲ್ಲುವಂತಿಲ್ಲ.

ಕಾದು ಕೊಳ್ಳುವ ಜಾಣರು

ಗಿರಾಕಿಯೂ ಕಾಲಕ್ರಮದಲ್ಲಿ ಪಾಠ ಕಲಿತ. ಎಲ್ಲ ಕಂತುಗಳೂ ಬರಲಿ, ಬೆಲೆಯೂ ಇಳಿಯಲಿ, ಆಮೇಲೆ ಕೊಂಡರಾಯಿತು ಎಂದು ಕಾಯತೊಡಗಿದ. ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ಸಂಸ್ಥೆಯ ‘ಹಿಟ್‌ಮ್ಯಾನ್’ ಆಟಕ್ಕೆ ಈ ಕಾಯುವಿಕೆಯ ಬಿಸಿ ತಟ್ಟಿತು. 2016ರ ಮಾರ್ಚಿನಲ್ಲಿ ಪ್ಯಾರಿಸ್ ನಗರದ ಕಂತಿನಿಂದ ಆರಂಭವಾಗಿ ಅಕ್ಟೋಬರಿನಲ್ಲಿ ಜಪಾನಿನ ಹೊಕ್ಕೈದೊದಲ್ಲಿ ಅದು ಮುಗಿಯಿತು. ಮೊದಲ ಕಂತಿನ ಬೆಲೆ 15 ಡಾಲರು, ಇಡಿಯಾಗಿ ಬೇಕಾದವರಿಗೆ 60 ಡಾಲರು. ವಿಮರ್ಶಕರು ಮೆಚ್ಚಿದರು. ಒಂದೊಂದು ನಗರವನ್ನೂ ಜನ ಮತ್ತೆ ಮತ್ತೆ ಆಡಿ ಅದರ ಮೂಲೆಮೂಲೆಯನ್ನು ಅರಿತರು. ಅವರ ದೂರುಗಳನ್ನು ಕೇಳಿ ಮುಂದಿನ ಕಂತನ್ನು ತಿದ್ದಲೂ ಸಾಧ್ಯವಾಯಿತು. ಇದು ಕಂತಿನ ಕ್ರಮದ ನಿಜವಾದ ಗುಣವೆಂದು ಒಪ್ಪಬೇಕು.

ಆದರೂ 2017ರ ಮೇ ತಿಂಗಳಲ್ಲಿ ಪ್ರಕಾಶಕರಾದ ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿ ಐಒ ಸಂಸ್ಥೆಯಿಂದ ಕೈ ತೊಳೆದುಕೊಳ್ಳುವುದಾಗಿ ಸಾರಿ, ಆ ಬಾಬ್ತು ಸುಮಾರು 490 ಕೋಟಿ ಯೆನ್ ನಷ್ಟವನ್ನು ಲೆಕ್ಕದಲ್ಲಿ ತೋರಿಸಿತು. ಸಂಸ್ಥೆಯ ಆಡಳಿತದವರೇ ಅದನ್ನು ಕೊಂಡು ಸ್ವತಂತ್ರರಾದರು. ಮುಂಬಯಿಯ ಗಲ್ಲಿಗಳನ್ನೂ ಒಳಗೊಂಡ ‘ಹಿಟ್‌ಮ್ಯಾನ್ 2’ 2018ರಲ್ಲಿ ಬಂದಾಗ ಅದು ಕಂತುಗಳಲ್ಲಿರಲಿಲ್ಲ, ಇಡಿಯಾಗಿಯೇ ಬಂತು. 2015ರಲ್ಲಿ ಐದು ಕಂತುಗಳಲ್ಲಿ ಬಂದು ಹೆಸರು ಮಾಡಿದ ‘ಲೈಫ್ ಈಸ್ ಸ್ಟ್ರೇಂಜ್’ ಸರಣಿಯೂ ಇದೇ ದಾರಿ ಹಿಡಿಯಿತು. ಅದರ ಎರಡನೆಯ ಆಟದ ಐದು ಕಂತುಗಳು ಮುಗಿಯಲು 2018ರ ಸೆಪ್ಟೆಂಬರಿನಿಂದ 2019ರ ಡಿಸೆಂಬರ್‌ವರೆಗೆ ಹಿಡಿಯಿತು. 2021ರ ‘ಟ್ರೂ ಕಲರ್ಸ್’ ಆಟದ ಎಲ್ಲ ಅಧ್ಯಾಯಗಳನ್ನೂ ಒಂದೇ ದಿನ ಕೊಟ್ಟರು.

ಇಷ್ಟಕ್ಕೂ ಕಂತಿನ ವ್ಯಾಪಾರವೇ ಕೆಟ್ಟದೆಂದು ಷರಾ ಬರೆಯುವುದು ಅವಸರವಾದೀತು. 2025ರ ಅಕ್ಟೋಬರ್ 22ರಂದು ‘ಡಿಸ್ಪ್ಯಾಚ್’ ಎಂಬ ಆಟ ಹೊರಬಂತು. ಟೆಲ್‌ಟೇಲ್‌ನಲ್ಲಿ ಹಿಂದೆ ದುಡಿದಿದ್ದವರು ಕಟ್ಟಿದ ಆಡ್‌ಹಾಕ್ ಸಂಸ್ಥೆಯ ಆಟವಿದು. ಎಂಟು ಕಂತುಗಳು, ವಾರಕ್ಕೆ ಎರಡರಂತೆ ನಾಲ್ಕೇ ವಾರಗಳಲ್ಲಿ ಮುಕ್ತಾಯ. ಗಿರಾಕಿ ಸುಮಾರು 30 ಡಾಲರನ್ನು ಒಮ್ಮೆಲೇ ಕೊಟ್ಟು ಇಡೀ ಆಟವನ್ನು ಕೊಳ್ಳಬೇಕು. ಬಿಡಿ ಕಂತಿನ ಮಾರಾಟವಿಲ್ಲ. ಮೊದಲ ಹತ್ತು ದಿನಗಳಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಹಳೆಯ ಸೋಲಿನಿಂದ ಅವರು ಕಲಿತದ್ದೇನೆಂಬುದು ಇಲ್ಲಿ ಸ್ಪಷ್ಟ. ಕುತೂಹಲಕ್ಕಾಗಿ, ಮಾತುಕತೆಗಾಗಿ ಕತೆಯನ್ನು ಕಂತು ಮಾಡಿದರು. ಹಣವನ್ನು ಕಂತು ಮಾಡಲಿಲ್ಲ, ಗಿರಾಕಿಯನ್ನು ತಿಂಗಳುಗಟ್ಟಲೆ ಕಾಯಿಸಲೂ ಇಲ್ಲ.

ಟೋಬಿ ಫಾಕ್ಸ್ ಅವರ ‘ಡೆಲ್ಟಾರೂನ್’ ಹಿಡಿದದ್ದು ಬೇರೆ ದಾರಿ. 2018ರಲ್ಲಿ ಮೊದಲ ಅಧ್ಯಾಯ, 2021ರಲ್ಲಿ ಎರಡನೆಯದು, ಎರಡೂ ಉಚಿತ. 2025ರ ಜೂನ್‌ನಲ್ಲಿ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳು ಸಿದ್ಧವಾದ ಮೇಲೆಯೇ ಸುಮಾರು 25 ಡಾಲರು ಬೆಲೆ ಕಟ್ಟಿದರು. ಆ ಬಳಿಕದ ಅಧ್ಯಾಯಗಳಿಗೆ ಮತ್ತೆ ಹಣ ಕೊಡಬೇಕಾಗಿಲ್ಲ. ‘ಕೆಂಟಕಿ ರೂಟ್ ಝೀರೋ’ ಎಂಬ ಐದು ಅಂಕಗಳ ಆಟವನ್ನು ಬೆರಳೆಣಿಕೆಯ ಮಂದಿ 2013ರಿಂದ 2020ರವರೆಗೆ, ಏಳು ವರ್ಷ ಎಳೆದೂ ಮುಗಿಸಿಯೇ ಬಿಟ್ಟರು. ನೂರಾರು ಸಂಬಳಗಳ ಹೊರೆಯಿಲ್ಲದ ಸಣ್ಣ ತಂಡ ತಡಮಾಡಿದರೂ ಉಳಿದೀತು. ದೊಡ್ಡ ತಂಡಕ್ಕೆ ಒಂದು ಕಂತು ತಡವಾದರೂ ಸಾಲ ಬೆಳೆಯುತ್ತದೆ.

ಮನೆಯೊಳಗಿನ ಕಂತು

ಇನ್ನು ನಮ್ಮ ಮಕ್ಕಳ ಮೊಬೈಲಿನ ಕಡೆಗೆ ಬರೋಣ. ‘ಫೋರ್ಟ್‌ನೈಟ್’, ನಮ್ಮ ದೇಶದಲ್ಲಿ 2021ರಲ್ಲಿ ಬಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಮುಂತಾದ ಆಟಗಳನ್ನು ಆಡಲು ಹಣ ಬೇಡ. ಆದರೆ ನಿಗದಿತ ಅವಧಿಗೊಮ್ಮೆ ಹೊಸ ‘ಸೀಸನ್’ ಬರುತ್ತದೆ, ಅದಕ್ಕೊಂದು ‘ಪಾಸ್’ ಕೊಂಡರೆ ಉಡುಪು, ಬಣ್ಣ, ಅಲಂಕಾರಗಳು ಒಂದೊಂದಾಗಿ ದೊರೆಯುತ್ತವೆ. ಇದೂ ಕಂತೇ, ಆದರೆ ಕೊನೆಯ ಕಂತಿಲ್ಲದ ಕಂತು. ಕಂಪೆನಿಯ ದೃಷ್ಟಿಯಿಂದ ಇದು ಬಲು ಜಾಣ ಏರ್ಪಾಡು. ಮುಗಿಸಬೇಕಾದ ಕತೆಯಿಲ್ಲ, ನಡುವಿನಲ್ಲಿ ಸೇರುವವನಿಗೆ ಹಿಂದಿನದನ್ನು ಆಡಿರಬೇಕೆಂಬ ನಿಯಮವಿಲ್ಲ. ಹಾಗಾಗಿ ಕತೆಯ ಆಟದಲ್ಲಿ ಕಂತಿನಿಂದ ಕಂತಿಗೆ ಇಳಿಯುವ ಗಿರಾಕಿಗಳ ಸಂಖ್ಯೆ ಇಲ್ಲಿ ಏರಲೂಬಹುದು. ಅವಧಿ ಮುಗಿಯುವುದರೊಳಗೆ ಎಲ್ಲವನ್ನೂ ಗೆಲ್ಲಬೇಕೆಂಬ ತವಕದಿಂದ ಮಗು ದಿನವೂ ಆಡುತ್ತದೆ. ಕತೆಯ ಆಟಕ್ಕೆ ಮನೆಯವರು ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಇಲ್ಲಿ ತಿಂಗಳು ಮುಗಿದಂತೆ ಕೈ ಮತ್ತೆ ಮುಂದೆ ಬರುತ್ತದೆ. ಸಣ್ಣ ಮೊತ್ತವಲ್ಲವೇ ಎಂದು ಸುಮ್ಮನಿರುವವರು ವರ್ಷದ ಕೊನೆಗೊಮ್ಮೆ ಕೂಡಿಸಿ ನೋಡುವುದು ಲೇಸು.

ಒಟ್ಟಿನಲ್ಲಿ ಕಂತಿನ ವ್ಯಾಪಾರ ನಿಲ್ಲುವುದು ನಂಬಿಕೆಯ ಮೇಲೆ. ಕತೆಯ ಬಹುಭಾಗ ಮೊದಲೇ ಸಿದ್ಧವಾಗಿರಬೇಕು. ಕಂತು ಕಂತಿನ ನಡುವೆ ಜನ ಮರೆಯುವಷ್ಟು ಅಂತರವಿರಬಾರದು. ನಡುವಿನ ಕಂತುಗಳು ನಷ್ಟ ತಂದರೂ ಕೊನೆಯವರೆಗೆ ಸಂಬಳ ಕೊಡುವ ಶಕ್ತಿಯಿರಬೇಕು. ಈ ಮೂರೂ ಇದ್ದವರಿಗೆ ಕಂತು ಲಾಭ ತಂದಿದೆ. ಇಂದಿನ ಕಂತಿನ ಹಣದಿಂದ ನಾಳಿನ ಕಂತನ್ನು ಕಟ್ಟುತ್ತೇನೆಂದು ಹೊರಟವರು ಹೆಚ್ಚಾಗಿ ನಡುದಾರಿಯಲ್ಲಿ ನಿಂತರು. ಅಂಥವರ ಸಂಗಡ ಕೆಲಸಗಾರರೂ ನಿಂತರು, ಮುಂಗಡ ಕೊಟ್ಟವರೂ ನಿಂತರು.

ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟೇ. ಮೊದಲ ಕಂತು ಉಚಿತವಾಗಿಯೋ ಅಗ್ಗವಾಗಿಯೋ ಸಿಕ್ಕರೆ ಆಡಿ ನೋಡಿರಿ. ಎಲ್ಲ ಕಂತುಗಳಿಗೂ ಮುಂಗಡ ಕೊಡುವ ಮೊದಲು ಆ ತಯಾರಕರು ಹಿಂದೆ ಹಿಡಿದ ಕತೆಯನ್ನು ಮುಗಿಸಿದ್ದಾರೆಯೇ ಎಂದು ವಿಚಾರಿಸಿರಿ. ಮನೆ ಕಟ್ಟಿಸುವಾಗ ಮೇಸ್ತ್ರಿಯ ಹಿಂದಿನ ಮನೆಗಳನ್ನು ನೋಡಿ ಬರುವ ನಾವು ಇಲ್ಲಿಯೂ ಅಷ್ಟು ಎಚ್ಚರ ವಹಿಸಿದರೆ ತಪ್ಪೇನೂ ಇಲ್ಲ.